ಇಪ್ಪತ್ತಾರನೇ ಹೆಸರು

ಏ, ಅಗಸಿ ಕಟ್ಟಿ ಮ್ಯಾಲ ಕುಂತವರ, ನಿಮಗ ಹೇಳಾಕತ್ತೀನಿ, ಇಲ್ಲೆ ಕಿವಿ ಕೊಡ್ರಿ. ನಮ್ಮ ಶಾಲಿ ಬೀಬಿಜಾನ ಚಾಚಿ ಸುದ್ದಿ ಐತಿ.

ಬೆಳ್ಳಟ್ಟಿ ಹತ್ತಿರದ ನಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಚಾಚಿ ಹನ್ನೊಂದು ವರ್ಷದಿಂದ ಬಿಸಿಯೂಟ ಬೇಯಿಸುತ್ತಾಳೆ. ಜೊತೆಗೆ ಶೇಖವ್ವ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಇಬ್ಬರ ಪಾಲಿನ ಪಾತ್ರೆಯನ್ನೂ ತಿಕ್ಕುವಳು. ನಾನೂ ಅವರ ಕೈಯ ಸಾರು ಉಂಡೇ ಬೆಳೆದವನು.

ಸರ್ಕಾರದ ನಿಯಮದಂತೆ ಇಪ್ಪತ್ತೈದು ಮಕ್ಕಳವರೆಗೆ ಅಡುಗೆಗೆ ಒಬ್ಬಳೇ, ಇಪ್ಪತ್ತಾರಾದರೆ ಇಬ್ಬರು. ಮೊದಲು ಸೇರಿದವಳು ಶೇಖವ್ವ. ಸಂಖ್ಯೆ ಇಳಿದರೆ ಮನೆಗೆ ಹೋಗಬೇಕಾದವಳು ಚಾಚಿ.

ಈ ಜೂನಿನಲ್ಲಿ ಇಪ್ಪತ್ತೈದೇ ಇದ್ದರು. ಇಬ್ಬರೂ ಸೆರಗು ಸಿಕ್ಕಿಸಿ ಇನ್ನೊಂದು ಮಗುವಿಗಾಗಿ ಓಣಿ ಓಣಿ ತಿರುಗಿದರು. ಚಾಚಿಯ ನಾದಿನಿ ನೂರೀನಳ ಮಗಳು ಮಹೆಕ ಲಕ್ಷ್ಮೇಶ್ವರದ ಕಾನ್ವೆಂಟಿಗೆ ಹೋಗುತ್ತಿದ್ದಳು. ಅವಳನ್ನು ಬಿಡಿಸಿ ತರಲು ಮೂರು ದಿನ ಹಿಡಿಯಿತು. ಐದು ತರಗತಿಗೆ ಒಬ್ಬರೇ ಮಾಸ್ತರಿದ್ದಾರಲ್ಲ ಎಂದು ನೂರೀನ ಕೇಳಿದ್ದಕ್ಕೆ, ನನ್ನ ಮೊಮ್ಮಗಳು ಅಂಕಿತಾ ಅಲ್ಲೇ ಕಲಿಯುತ್ತಿಲ್ಲವೇ, ಮೂರನೆಯ ತರಗತಿಗೇ ಪೇಪರ್ ಓದುತ್ತಾಳೆ ಎಂದು ಶೇಖವ್ವ ಭರವಸೆ ಕೊಟ್ಟಳು. ಮಹೆಕ ಬಂದಳು. ಇಪ್ಪತ್ತಾರಾಯಿತು.

ಇವತ್ತು ಬೆಳಿಗ್ಗೆ ಚಾಚಿ ನೀರು ತರುವಾಗ ಕಾನ್ವೆಂಟಿನ ಹಳದಿ ಗಾಡಿ ಬಂದು ನಿಂತಿತು. ಟೈ ಕಟ್ಟಿಕೊಂಡು ಹತ್ತಿದವಳು ಅಂಕಿತಾ. ಚಾಚಿ ಕೊಡ ಅಲ್ಲೇ ಇಳಿಸಿ ಮಾಸ್ತರ ಬಳಿ ಹೋದಳು. ಶೇಖವ್ವನ ಮಗ ಶನಿವಾರವೇ ಟಿ.ಸಿ. ಒಯ್ದನೆಂದು ಅವರು ತಲೆ ಎತ್ತದೆ ಹೇಳಿದರು. ಸಂಖ್ಯೆಯನ್ನು ತಿಂಗಳ ಕೊನೆಗೆ ಮೇಲಕ್ಕೆ ಕಳಿಸಬೇಕು, ಇನ್ನು ಒಂಬತ್ತೇ ದಿನ ಎಂದರು.

ಅಡುಗೆಕೋಣೆಯಲ್ಲಿ ಶೇಖವ್ವ ಬೇಳೆ ಬೇಯಿಸುತ್ತಿದ್ದಳು. ಚಾಚಿ ಒಳಗೆ ಬಂದವಳೇ ಕೇಳಿದಳು.

"ಶನಿವಾರ ನನ್ನ ಬಾಜೂಕ ಕುಂತು ಉಪ್ಪಿಟ್ಟು ತಿಂದಿ. ಒಂದ ಮಾತು ಹೇಳಲಿಲ್ಲಲ್ಲ ಲೇ."

"ಮಗಾ ಮಾಡ್ಯಾನ. ಒಬ್ರ ಮಾಸ್ತರು ಐದು ವರ್ಗ ಹೆಂಗ ಕಲಸ್ತಾರ, ನೀನ ಹೇಳು."

"ನೂರೀನ ಇದ ಮಾತು ಕೇಳಿದ್ಲು. ಆಗ ನಿನ್ನ ಬಾಯಾಗ ಬ್ಯಾರೆ ಉತ್ತರ ಇತ್ತು."

"ಬ್ಯಾಳಿ ತಳಾ ಹಿಡದೀತು ಬೀಬಿ, ಜರಾ ನೀರ ಹಾಕು."

ಚಾಚಿ ನೀರು ಹಾಕಿದಳು. ಮಕ್ಕಳು ಉಣ್ಣಬೇಕಲ್ಲ. ಬಡಿಸುವಾಗ ಮಹೆಕ ಪಕ್ಕದ ಜಾಗ ತೋರಿಸಿ ಅಂಕಿತಾ ಎಲ್ಲಿ ಎಂದು ಕೇಳಿದಳಂತೆ. ಚಾಚಿ ಅವಳ ತಾಟಿಗೆ ಇನ್ನೊಂದು ಸೌಟು ಅನ್ನ ಹಾಕಿ ಮುಂದೆ ಹೋದಳು.

ಸಂಜೆ ಐದಕ್ಕೆ ಆಕೆ ಶೇಖವ್ವನ ಬಾಗಿಲಿಗೆ ಹೋದಳು. ಜೂನಿನಲ್ಲಿ ಇಡೀ ಊರಲ್ಲಿ ಕೇಳದೆ ಬಿಟ್ಟ ಮನೆ ಅದೊಂದೇ. ನಮ್ಮದೇ ಮನೆ, ಅಲ್ಲೇನು ಕೇಳುವುದು ಎಂದು ಇಬ್ಬರೂ ದಾಟಿ ಹೋಗಿದ್ದರು. ನಾನು ಎದುರಿನ ಅಂಗಡಿಯಲ್ಲಿದ್ದೆ, ಅಲ್ಲಿಯವರೆಗೂ ಕೇಳಿಸಿತು.

"ಶೇಖವ್ವನವರ, ನಿಮ್ಮ ಮನ್ಯಾಗ ಶಾಲಿಗೆ ಹೋಗೂ ಕೂಸು ಐತೇನ್ರಿ?"

ಒಳಗೆ ಟಿವಿ ಸದ್ದು ನಿಂತಿತು. ಯಾರೂ ಹೊರಗೆ ಬರಲಿಲ್ಲ. ಚಾಚಿ ಪಕ್ಕದ ಹನಮಂತವ್ವನ ಮನೆಯ ಚಿಲಕ ಬಡಿದಳು.