ಎಂಥ ಬೇಜಾರು?

ಎಕ್ಸ್‌ಪೋ ಎಂಬ ವಿಶ್ವಮೇಳ ಮುಗಿದ ವರ್ಷ, 2022ರಲ್ಲಿ, ನಾನು ದುಬೈನ ಒಂದು ಹೋಟೆಲಿನ ಎಚ್‌ಆರ್ ವಿಭಾಗದಲ್ಲಿ ಟ್ರೈನಿಂಗ್ ಆಫೀಸರ್ ಆಗಿದ್ದೆ. ಕೈಕೆಳಗಿನವರಲ್ಲಿ ಖಿನ್ನತೆಯನ್ನು ಗುರುತಿಸುವುದು ಹೇಗೆ ಎಂದು ಸೂಪರ್‌ವೈಸರ್‌ಗಳಿಗೆ ಕಲಿಸುವುದೂ ನನ್ನ ಕೆಲಸವಾಗಿತ್ತು. ಮಾತು ಕಡಿಮೆಯಾಗುತ್ತದೆ, ನಿದ್ದೆ ಕೆಡುತ್ತದೆ, ಸಣ್ಣ ಕೆಲಸವೂ ಬೆಟ್ಟವಾಗುತ್ತದೆ ಎಂಬ ಸ್ಲೈಡುಗಳನ್ನು ನಾನೇ ಮಾಡಿದ್ದೆ. ಇಲ್ಲಿ ಹೇಳುವ ಪ್ರಕರಣದ ಉದ್ಯೋಗಿಯೂ ನಾನೇ.

ಯಾವಾಗ ಶುರುವಾಯಿತೆಂದು ಹೇಳಲಾರೆ. ಡಿಸ್ಕವರಿ ಗಾರ್ಡನ್ಸ್‌ನ ಮನೆಯಿಂದ ಹೊರಟು, ಹೋಟೆಲಿನ ಪಾರ್ಕಿಂಗ್‌ನಲ್ಲಿ ಕಾರಿನ ಎಂಜಿನ್ ಆರಿಸದೆ ಕೂತಿರುತ್ತಿದ್ದೆ. ಅಳುತ್ತಿದ್ದೆನೇ? ನೆನಪು ಹೌದೆನ್ನುತ್ತದೆ, ಆದರೆ ಆ ಅಳು ಆಮೇಲೆ ಸೇರಿಸಿಕೊಂಡದ್ದಿರಬಹುದು. ಏನೂ ಅನಿಸದೆ ಕೂತಿದ್ದೆ ಎನ್ನುವುದೇ ನಿಜಕ್ಕೆ ಹತ್ತಿರ.

ಒಂದು ದಿನ ನನ್ನ ಮ್ಯಾನೇಜರ್, ಮೈಸೂರಿನ ರಘುರಾಮ್ ಸರ್, "ಯಾಕ್ ಲವೀನಾ, ಡಲ್ ಆಗ್ಬಿಟ್ಟಿದ್ದೀರಿ?" ಎಂದರು.

"ತುಂಬ ಬೇಜಾರಾಗ್ತದೆ ಸರ್."

ಉಡುಪಿ ಕಡೆಯ ನಾವು ದುಃಖಕ್ಕೆ, ಸಾವಿನ ಮನೆಯಲ್ಲೂ ಆಡುವ ಮಾತು ಅದು. ಅವರಿಗೆ ಕೇಳಿಸಿದ್ದು ಬೇರೆ.

"ಅಯ್ಯೋ, ಬೋರಾ? ಮೊದ್ಲೇ ಹೇಳ್ಬಾರ್ದಾ! ಅಬುಧಾಬಿ ಬ್ರಾಂಚ್ ಟ್ರೈನಿಂಗೂ ನೀವೇ ತಗೊಳ್ಳಿ. ಓಡಾಡಿದ್ರೆ ಸರಿಹೋಗುತ್ತೆ."

ತಿದ್ದಬಹುದಿತ್ತು. ಅದಕ್ಕೆ ಇನ್ನೊಂದು ಪದ ಬೇಕಿತ್ತು, ಆ ಪದ ನನ್ನ ಸ್ಲೈಡಿನಲ್ಲಿತ್ತು. ಕಲಿಸುವವಳಿಗೇ ಬಂದಿದೆ ಎಂದು ತಿಳಿದರೆ ಕೆಲಸ ಉಳಿದೀತೇ? ಕೆಲಸ ಹೋದರೆ ವೀಸಾವೂ ಹೋಗುತ್ತದೆ. "ಥ್ಯಾಂಕ್ಯೂ ಸರ್," ಎಂದೆ.

ಅಬುಧಾಬಿಯ ತರಗತಿಯಲ್ಲಿ, ಅದೇ ಸ್ಲೈಡಿನ ಮುಂದೆ, ಬಾಯಿ ತೆರೆದರೂ ಮಾತು ಬರಲಿಲ್ಲ. "ಯಲ್ಲಾ ಮೇಡಂ, ನೆಕ್ಸ್ಟ್!" ಎಂದು ಯಾರೋ ಅರಬಿಯಲ್ಲಿ ಅವಸರಪಡಿಸಿ ನಕ್ಕರು. ತರಗತಿ ನೋಡಲು ಬಂದು ಹಿಂದೆ ಕೂತಿದ್ದ ರಘುರಾಮ್ ಸರ್ ನಗಲಿಲ್ಲ. ಎಲ್ಲರನ್ನೂ ಚಹಾಕ್ಕೆ ಕಳಿಸಿ ನನ್ನ ಬಳಿ ಬಂದರು.

"ಲವೀನಾ, ನಿಮ್ಮ ಕಡೆ ಬೇಜಾರು ಅಂದ್ರೆ ಏನು?"

ಉಳಿದ ಸ್ಲೈಡುಗಳನ್ನು ಅವರೇ ಓದಿ ಮುಗಿಸಿದರು. ವಾಪಸು ಬರುವಾಗ ಕಾರು ಓಡಿಸುತ್ತ, "ಡಾಕ್ಟರ್ ಹತ್ರ ಹೋಗಿ, ಸಿಕ್ ಲೀವ್ ಹಾಕಿ. ನಿಮ್ಮ ಕುರ್ಚಿ ನಿಮ್ಗೇ ಇರುತ್ತೆ," ಎಂದರು. ಹಾಗೇ ನಡೆದುಕೊಂಡರು, ನಾನು ರಜೆಯಿಂದ ಮರಳಿದ ಮೇಲೆ ಕೆಲವು ವಾರ ಅರ್ಧ ದಿನದ ಕೆಲಸವನ್ನೇ ಕೊಟ್ಟರು. ಆಫೀಸಿನಲ್ಲಿ ಏನು ಹೇಳಲಿ ಎಂದು ಅವರು ಕೇಳಿದಾಗ, "ಬೆನ್ನು ನೋವು ಅನ್ನಿ," ಎಂದವಳು ನಾನು.

ಖಿನ್ನತೆ ನಾಚಿಕೆಪಡುವ ವಿಷಯವಲ್ಲ ಎಂದು ಈಗಲೂ ಕಲಿಸುತ್ತೇನೆ. ತರಗತಿ ಮುಗಿದ ಮೇಲೆ ಯಾರಾದರೂ "ಬೆನ್ನು ಹೇಗಿದೆ?" ಎಂದರೆ ಸೊಂಟಕ್ಕೆ ಕೈ ಇಡುತ್ತೇನೆ.

ಹೋದ ತಿಂಗಳು ಬ್ಯಾಂಕ್ವೆಟ್ ಹಾಲ್‌ನಲ್ಲಿ ಕೆಲಸ ಮಾಡುವ ಪುತ್ತೂರಿನ ನಾಸಿರ್ ರಜೆ ಕೇಳಲು ಬಂದ. ಮುಖ ಬಾಡಿತ್ತು.

"ಬೆನ್ನು ನೋವು ಮೇಡಂ."

ಎದ್ದು ಬಾಗಿಲು ಮುಚ್ಚಿದೆ. "ನಾಸಿರ್, ನಾನೂ ಬೆನ್ನು ನೋವು ಅಂತ್ಲೇ ಹೇಳಿದ್ದು. ಅದು ಬೆನ್ನಲ್ಲ. ಡಿಪ್ರೆಶನ್."

ಅವನು ಗಾಬರಿಯಾದ. "ಅಲ್ಲ ಮೇಡಂ, ನಂದು ಬೆನ್ನೇ. ನಿನ್ನೆ ಟೇಬಲ್ ಎತ್ತಿದ್ದು ಅಲ್ವಾ!"

ಮುಖ ಬಿಸಿಯಾಯಿತು. ರಜೆಗೆ ಸಹಿ ಹಾಕಿದೆ. ಈ ಉದ್ಯೋಗ ನನಗೆ ಕಲಿಸಿದ್ದು ಒಂದೇ, ಯಾರು ಏನೆಂದರೂ ಇನ್ನೊಮ್ಮೆ "ಎಂಥದು?" ಎಂದು ಕೇಳಬೇಕು. ಅದನ್ನೇ ಬಿಟ್ಟಿದ್ದೆ.

ನಾಸಿರ್ ಸೊಂಟ ಹಿಡಿದು ಬಾಗಿಲ ತನಕ ಹೋಗಿ ತಿರುಗಿದ.

"ನಿಮ್ದು ಈಗ ಕಡಿಮೆ ಉಂಟಾ ಮೇಡಂ?"

ರಘುರಾಮ್ ಸರ್ ಬಿಟ್ಟರೆ ಯಾರೂ ನನ್ನ ಖಿನ್ನತೆಯ ಬಗ್ಗೆ ಹೀಗೆ ಕೇಳಿರಲಿಲ್ಲ. ಕೇಳಲು ನಾನು ಬಿಟ್ಟಿರಲಿಲ್ಲ.

"ಉಂಟು," ಎಂದೆ. ಕೈ ಸೊಂಟಕ್ಕೆ ಹೋಗಲಿಲ್ಲ.