ಅತ್ತೆ ಎಲ್ಲಿ ಎಂದು ಕೇಳಿಬಿಟ್ಟೆ

ಕಳೆದ ವರ್ಷ ಹೋಳಿ ಹಬ್ಬ ಮುಗಿದ ವಾರವೇ ನಮ್ಮ ಆಫೀಸಿನಿಂದ ಮೇಲ್ ಬಂತು. ಮನೆಯಿಂದ ಕೆಲಸ ಮಾಡುವುದೆಲ್ಲ ಬಂದ್, ಮುಂದಿನ ತಿಂಗಳಿಂದ ಎಲ್ಲರೂ ದಿನಾ ನೋಯ್ಡಾದ ಆಫೀಸಿಗೆ ಬರಲೇಬೇಕು ಅಂತ. ಉಳಿದವರಿಗೆ ಮೆಟ್ರೋ ನೂಕುನುಗ್ಗಲಿನ ಚಿಂತೆಯಾದರೆ ನನಗೆ ನಮ್ಮ ಮಾವನವರ ಚಿಂತೆ.

ಮಾವ ಇಲ್ಲೇ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದು ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಮಯೂರ್ ವಿಹಾರ್‌ನ ಫ್ಲ್ಯಾಟಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಮರೆವಿನ ಕಾಯಿಲೆ. ಉಪ್ಪಿಟ್ಟು ತಿಂದು ಕೈ ತೊಳೆದು ಬಂದವರೇ, "ಸುಮಾ, ಇವತ್ತು ತಿಂಡಿ ಇಲ್ವೇನಮ್ಮಾ?" ಎಂದು ಕೇಳುತ್ತಾರೆ. ಒಮ್ಮೆ ಗ್ಯಾಸ್ ತಿರುಗಿಸಿ ಹಚ್ಚುವುದನ್ನು ಮರೆತು ಹಾಗೇ ಬಂದು ಟಿವಿ ಮುಂದೆ ಕೂತಿದ್ದರು. ಇನ್ನೊಮ್ಮೆ ಆಫೀಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟಿದ್ದರು, ಗೇಟಿನ ಗಾರ್ಡ್ ಭಯ್ಯಾ ಕರೆದುಕೊಂಡು ಬಂದು ಬಿಟ್ಟ. ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟೆವು. ನಾನು ಸ್ನಾನಕ್ಕೆ ಹೋಗಿದ್ದಾಗ ಆಕೆಯನ್ನು ಹೊರಗೆ ಕಳಿಸಿ ಚಿಲಕ ಹಾಕಿಕೊಂಡರು. ಆಮೇಲೆ ಆಕೆ ಬರಲೇ ಇಲ್ಲ. ನನ್ನ ಗಂಡ ಪ್ರಕಾಶ್‌ಗೆ ಓಖ್ಲಾದ ಪ್ರೆಸ್ಸಿನಲ್ಲಿ ಕೆಲಸ. ಪ್ರಿಂಟಿಂಗ್ ಮಷಿನ್ ಮನೆಗೆ ತರೋಕಾಗುತ್ತಾ? ಹಾಗಾಗಿ ಮನೆಯಲ್ಲಿರಬೇಕಾದವಳು ನಾನೇ. ಕೆಲಸ ಬಿಟ್ಟರೆ ಫ್ಲ್ಯಾಟಿನ ಸಾಲ ಕಟ್ಟಲಾಗದು, ಬಿಡದಿದ್ದರೆ ಮನೆಯಲ್ಲಿ ಮಾವ ಒಬ್ಬರೇ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಅತ್ತೆ ಹೋಗಿರುವುದು ಮಾವನಿಗೆ ನೆನಪಿಲ್ಲ. ಮೊದಮೊದಲು "ಸಾವಿತ್ರಿ ಎಲ್ಲಿ?" ಎಂದಾಗ ನಾವು ನಿಜ ಹೇಳಿದೆವು. ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಗೋಡೆಗೆ ತಲೆ ಕೊಟ್ಟು ಅತ್ತರು. ಎರಡನೇ ಸಲವೂ ಹಾಗೇ. ಅವತ್ತೇ ಪ್ರಕಾಶ್ ನನ್ನ ಹತ್ತಿರ, "ಇನ್ನು ಈ ಮಾತೇ ಬೇಡ. ತರಕಾರಿಗೆ ಹೋಗಿದಾರೆ ಅಂದ್ಬಿಡೋಣ" ಎಂದರು. ಹಾಗೆಂದರೆ ಮಾವ, "ಅಚ್ಛಾ, ಬರ್ಲಿ" ಎಂದು ಸುಮ್ಮನಾಗುತ್ತಿದ್ದರು. ನಾವಾಗಿ ಅತ್ತೆಯ ಮಾತು ತೆಗೆಯುತ್ತಿರಲಿಲ್ಲ.

ಆಫೀಸಿಗೆ ಎಲ್ಲವನ್ನೂ ಬರೆದು, ನನಗೊಬ್ಬಳಿಗೆ ಮನೆಯಿಂದಲೇ ಕೆಲಸ ಮಾಡಲು ಬಿಡಿ ಎಂದು ಕೇಳಿಕೊಂಡೆ. ನಮ್ಮ ಮ್ಯಾನೇಜರ್ ರಿತು ಮ್ಯಾಮ್ ಫೋನಿನಲ್ಲಿ ನಕ್ಕರು. "ಏನ್ ಸುಮಾ, ಈ ತಿಂಗಳು ಎಲ್ಲರ ಮನೆಯಲ್ಲೂ ಯಾರಿಗಾದರೂ ಒಬ್ಬರಿಗೆ ಹುಷಾರಿಲ್ಲ!" ಎಂದು ಹಿಂದಿಯಲ್ಲಿ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಅವರೇ, "ಶನಿವಾರ ನಿಮ್ಮ ಕಡೆ ಬರುವುದಿದೆ, ಅಂಕಲ್‌ಜಿಯನ್ನು ನೋಡಿಕೊಂಡು ಹೋಗುತ್ತೇನೆ" ಎಂದರು. ನೋಡಲು ಬರುತ್ತಾರೋ ತಪಾಸಣೆಗೆ ಬರುತ್ತಾರೋ ಎಂದು ಗೊಣಗಿಕೊಂಡರೂ ಒಳಗೊಳಗೇ ಖುಷಿಯಾಯಿತು. ಬರಲಿ, ಕಣ್ಣಾರೆ ನೋಡಲಿ ಎಂದುಕೊಂಡೆ.

ಯಾರಾದರೂ ಬರುತ್ತಾರೆಂದರೆ ಮಾವನಿಗೆ ಗಡ್ಡ ಮಾಡಿಸಿ ಒಳ್ಳೆಯ ಶರಟು ಹಾಕಿಸುವುದು ನನ್ನ ಪದ್ಧತಿ. ಆ ಶನಿವಾರ ಬೇಕೆಂದೇ ಹಾಗೇ ಬಿಟ್ಟೆ. ಮುದುಡಿದ ಪೈಜಾಮದಲ್ಲೇ ಇರಲಿ ಅಂತ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಿಟ್ಟದ್ದು ನಿಜ.

ಬೆಲ್ ಆಯಿತು. ರಿತು ಮ್ಯಾಮ್ ಒಬ್ಬರೇ, ಕೈಯಲ್ಲಿ ಸೇಬು, ದಾಳಿಂಬೆ. ಅವರನ್ನು ಕಂಡದ್ದೇ ತಡ, ಮಾವ ಎದ್ದು ಒಳಗೆ ಹೋದರು. ಹೊರಗೆ ಬಂದಾಗ ನೋಡುತ್ತೇನೆ, ಬಿಳಿ ಶರಟು, ಬಾಚಿದ ಕೂದಲು! "ಆಯಿಯೇ, ಆಯಿಯೇ, ಬೈಠಿಯೇ" ಎಂದು ಸೋಫಾ ತೋರಿಸಿದರು. ಆಮೇಲೆ ಶುರುವಾಯಿತು ನೋಡಿ. ನಲವತ್ತು ವರ್ಷ ದೆಹಲಿಯಲ್ಲಿ ಆಡಿದ ಹಿಂದಿ, ಒಂದು ಮಾತೂ ತಡವರಿಸಲಿಲ್ಲ. ನಿಮ್ಮ ಊರು ಯಾವುದು ಎಂದರು, ಕಾನ್ಪುರ ಎಂದರೆ ಅಲ್ಲಿಯ ತಮ್ಮ ಸಹೋದ್ಯೋಗಿಯ ಹೆಸರು ಹೇಳಿದರು. ಹಳೆಯ ಬಸ್ಸಿನ ಕತೆ ಹೇಳಿ ಅವರನ್ನು ನಗಿಸಿದರು. ನನಗೆ, "ಸುಮಾ, ನಮ್ಮೂರ ಕಾಫಿ ಕೊಡಮ್ಮ ಇವರಿಗೆ" ಎಂದರು. ಅಯ್ಯೋ ದೇವರೇ, ನಾಲ್ಕು ದಿನದ ಹಿಂದೆ ಕಾಫಿ ಲೋಟ ಹಿಡಿದು ಇದೇನು ಎಂದು ಕೇಳಿದ ಮನುಷ್ಯ ಇವರೇನಾ!

ಕಾಫಿ ತಂದಿಟ್ಟಾಗ ರಿತು ಮ್ಯಾಮ್ ನನ್ನನ್ನು ನೋಡಿದ ನೋಟ ಬೇರೆಯೇ ಇತ್ತು. "ಅಂಕಲ್‌ಜಿ ತುಂಬಾ ಆರಾಮಾಗಿದ್ದಾರಲ್ಲ" ಎಂದರು. ಮಾತು ಮೃದುವಾಗಿಯೇ ಇತ್ತು. ಆದರೆ ಸುಳ್ಳುಗಾತಿ ಎಂದು ಮುಖಕ್ಕೆ ಹೊಡೆದ ಹಾಗಾಯಿತು. ಹೋಯಿತು, ಸೋಮವಾರ "ಆಗಲ್ಲ" ಎಂದುಬಿಡುತ್ತಾರೆ ಎನ್ನಿಸಿತು. ತಲೆ ಕೆಟ್ಟುಹೋಯಿತು. ಇವತ್ತು ಏನು ವಾರ ಎಂದು ಕೇಳಲೇ? ಸರಿ ಹೇಳಿಬಿಟ್ಟರೆ? ತಪ್ಪೇ ಹೇಳಬೇಕು, ಅಂಥದ್ದೇ ಒಂದು ಬೇಕು ಎಂದು ಮನಸ್ಸು ಹುಡುಕಿತು. ಅದಕ್ಕೆ ಸಿಕ್ಕಿಯೂ ಬಿಟ್ಟಿತು.

ಮಾವನ ಜೊತೆ ನಾನು ಯಾವತ್ತೂ ಹಿಂದಿಯಲ್ಲಿ ಮಾತಾಡಿದವಳಲ್ಲ. ಅವತ್ತು ಹಿಂದಿಯಲ್ಲಿ ಕೇಳಿದೆ, ಮ್ಯಾಮ್‌ಗೆ ಅರ್ಥವಾಗಲಿ ಎಂದು. "ಮಾವಾ, ಅತ್ತೆ ಎಲ್ಲಿ? ಮ್ಯಾಮ್‌ಗೆ ಪರಿಚಯ ಮಾಡಿಸಿ" ಎಂದೆ.

ಮಾವ ಬಾಗಿಲ ಕಡೆ ನೋಡಿದರು. "ಸಬ್ಜೀ ಲೇನೇ ಗಯೀ ಹೈ, ಅಭೀ ಆ ಜಾಯೇಗೀ" ಎಂದರು. ತರಕಾರಿಗೆ ಹೋಗಿದಾಳೆ, ಈಗ ಬರ್ತಾಳೆ ಎಂದು ನಾವು ಹೇಳಿಕೊಟ್ಟ ಸುಳ್ಳನ್ನೇ ನಂಬಿಕೊಂಡು ಹೇಳುತ್ತಿದ್ದಾರೆ ಪಾಪ! ಇನ್ನೂ ಮುಂದುವರಿದು, "ಅವಳು ಬರೋವರೆಗೂ ಕೂತಿರಿ, ಹಾಗೇ ಕಳಿಸಿದೆ ಅಂತ ನನ್ನ ಬೈತಾಳೆ" ಎಂದು ನಕ್ಕರು.

ಅತ್ತೆ ತೀರಿಕೊಂಡದ್ದು ರಿತು ಮ್ಯಾಮ್‌ಗೆ ಗೊತ್ತಿತ್ತು, ನಾನೇ ಬರೆದಿದ್ದೆ. ಅವರ ಕೈಯ ಲೋಟ ಅಲ್ಲೇ ನಿಂತಿತು. ಆ ಒಂದು ಕ್ಷಣ ನನಗೆ ಗೆದ್ದೆ ಎನ್ನಿಸಿತು. ಹೌದು, ಹಾಗೇ ಅನ್ನಿಸಿತು. ಈಗ ಗೊತ್ತಾಯಿತಾ ನಾನು ಸುಳ್ಳು ಹೇಳಿಲ್ಲ ಅಂತ ಎಂಬ ಹಾಗೆ ಅವರನ್ನೇ ನೋಡುತ್ತಾ ನಿಂತೆ.

ರಿತು ಮ್ಯಾಮ್ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಮಾವನ ನಗು ನಿಂತಿತು. ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಮೆಲ್ಲಗೆ ಕನ್ನಡದಲ್ಲಿ, "ಸುಮಾ, ಅವರು ಯಾಕಮ್ಮ ಅಳ್ತಿದಾರೆ? ನಾನೇನಾದ್ರೂ ತಪ್ಪು ಹೇಳಿದ್ನಾ?" ಎಂದರು.

"ಇಲ್ಲ ಮಾವ" ಎಂದೆ.

"ಸಾವಿತ್ರಿ... ಇಲ್ಲ, ಅಲ್ವಾ?"

ನಾನು ತಲೆ ತಗ್ಗಿಸಿದೆ. ಗೋಡೆಗೆ ತಲೆ ಕೊಟ್ಟು ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಎದ್ದು ನಿಂತು ರಿತು ಮ್ಯಾಮ್‌ಗೆ ಕೈ ಮುಗಿದರು. "ಕ್ಷಮಿಸಿ, ವಯಸ್ಸಾಯಿತು, ನೆನಪಿರುವುದಿಲ್ಲ" ಎಂದು ಹಿಂದಿಯಲ್ಲಿ ಹೇಳಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು. ರಿತು ಮ್ಯಾಮ್ ಹೊರಡುವಾಗ ನನ್ನ ಭುಜ ಹಿಡಿದು, "ಹೇಗೆ ಸಂಭಾಳಿಸುತ್ತೀಯೋ ನೀನು" ಎಂದರು. ಆ ಹೊಗಳಿಕೆಯನ್ನು ಕೇಳಿಸಿಕೊಂಡು ಸುಮ್ಮನೆ ನಿಂತೆನಲ್ಲ, ಅದೂ ಒಂದು ಕಳ್ಳತನವೇ.

ಸೋಮವಾರವೇ ಒಪ್ಪಿಗೆ ಸಿಕ್ಕಿತು. ಪ್ರಕಾಶ್ ಸಂಜೆ ಬರುವಾಗ ಬಿಸಿ ಜಿಲೇಬಿ ತಂದು, "ನೀನು ಅದೇನು ಮೋಡಿ ಮಾಡಿದ್ಯೋ ನಿಮ್ಮ ಮ್ಯಾಮ್‌ಗೆ!" ಎಂದರು. ನಾನು ಏನು ಮಾಡಿದೆನೆಂದು ಹೇಳಲು ಬಾಯಿ ಬರಲಿಲ್ಲ. ಇವತ್ತಿಗೂ ಹೇಳಿಲ್ಲ, ಇದನ್ನು ಓದಿಯೇ ಅವರಿಗೆ ತಿಳಿಯಬೇಕು.

ಮಾವನಿಗೆ ಆ ಶನಿವಾರ ಅವತ್ತು ಸಂಜೆಯೇ ಮರೆತುಹೋಯಿತು. ಅತ್ತೆ ಇನ್ನೂ ಬಂದಿಲ್ಲವಾ ಎಂದು ಕೇಳಿದರು. ಸದ್ಯ, ಬಚಾವಾದೆ ಎಂದುಕೊಂಡೆ. ಆದರೆ ಅಂದಿನಿಂದ ಬೆಲ್ ಆದರೆ ಸಾಕು, ಮಾವ ಎದ್ದು ಕೋಣೆಗೆ ಹೋಗುತ್ತಾರೆ. ಕೊರಿಯರ್ ಭಯ್ಯಾ ಬಂದರೂ ಅಷ್ಟೇ. ಯಾಕೆ ಮಾವ ಎಂದರೆ ಅವರಿಗೂ ಗೊತ್ತಿಲ್ಲ.

ಮೊನ್ನೆ ತುಮಕೂರಿನಿಂದ ನನ್ನ ಅಣ್ಣ ಬಂದಿದ್ದ. ಮೊದಲಾಗಿದ್ದರೆ ಮಾವ ಅವನನ್ನು ಮಾತಿಗೆ ಕೂರಿಸಿಕೊಂಡರೆ ಏಳಲು ಬಿಡುತ್ತಿರಲಿಲ್ಲ. ಕರೆಯಲು ಹೋದೆ. ಮಂಚದ ತುದಿಯಲ್ಲಿ ಕೂತಿದ್ದರು.

"ಮಾವ, ನಮ್ಮಣ್ಣ ಬಂದಿದಾನೆ, ಬನ್ನಿ."

ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಕೇಳಿದರು, "ಏನಾದ್ರೂ ಕೇಳ್ತಾನೇನಮ್ಮಾ?"

"ಇಲ್ಲ ಮಾವ, ಯಾರೂ ಏನೂ ಕೇಳಲ್ಲ."

ಕೇಳಿದವಳು ನಾನೇ ಎಂಬುದು ಅವರಿಗೆ ನೆನಪಿಲ್ಲ. ಧೈರ್ಯಕ್ಕೆ ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ಹೊರಗೆ ಬಂದರು.