ಎರಡು ರಿಂಗಿನ ಮಾತು

ಪಡಸಾಲೆಯ ಗೋಡೆಗೆ ಹಸಿರು ದೀಪದ ಬಿಳಿ ಡಬ್ಬಿ ಬಂದು ಕೂತ ವಾರ ನಾನು ಯಾಕೆ ಸರಿಯಾಗಿ ಉಣ್ಣಲಿಲ್ಲ ಅಂತ ನೀವಿಬ್ಬರೂ ಕೇಳಿದ್ದಿರಿ. ಪಿತ್ತ ಆಗಿದೆ ಅಂದಿದ್ದೆ. ಪಿತ್ತ ಆಗಿರಲಿಲ್ಲ ಮಕ್ಕಳೇ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ನಮ್ಮೂರ ಸಾಲೆಯಲ್ಲಿ ಏಳನೇ ಇಯತ್ತೆಯ ತನಕ ಕಲಿತೆ. ಮಾಸ್ತರರು ಎದ್ದು ನಿಂತು ಓದು ಅಂದರೆ ಅಕ್ಷರ ಎಲ್ಲ ಗೊತ್ತಿದ್ದರೂ ಗಂಟಲಿನಿಂದ ದನಿ ಬರುತ್ತಿರಲಿಲ್ಲ. ಪಾಟಿಯ ಮೇಲೆ ಬರೆದು ತೋರಿಸು ಅಂದರೆ ಮಾತ್ರ ತಪ್ಪಿಲ್ಲದೆ ಬರೆಯುತ್ತಿದ್ದೆ. ಇದನ್ನೂ ಹಾಗೇ ಬರೆದು ತೋರಿಸುತ್ತಿದ್ದೇನೆ.

ನಮ್ಮ ಮನೆಯ ಹಳೇ ಫೋನನ್ನು ಹಾಕಿಸಿದವರು ನಿಮ್ಮ ಅಜ್ಜ. ಅದರ ಮೇಲೆ ಹೊದಿಸುವ ನೂಲಿನ ಹೊದಿಕೆ ನಾನು ಹೆಣೆದದ್ದು. ಅಷ್ಟೇ ನನಗೂ ಅದಕ್ಕೂ ಸಂಬಂಧ. ಯಾರ ಫೋನು ಬಂದರೂ ಅವರೇ ಎತ್ತುತ್ತಿದ್ದರು. ಅವರು ತೀರಿಕೊಂಡ ಮೇಲೆ ನನ್ನ ಅಕ್ಕ ರಾಮದುರ್ಗದ ಕಡೆಯ ತನ್ನ ಊರಿನಿಂದ ಬಂದು ಹದಿನೈದು ದಿನ ನನ್ನ ಹತ್ತಿರ ಇದ್ದಳು. ಅಕ್ಕನಿಗೆ ಆಗಲೇ ಎರಡೂ ಕಿವಿ ಹೋಗಿದ್ದವು. ಹತ್ತಿರ ನಿಂತು ಕೂಗಿದರೆ ಒಂದಷ್ಟು ತಿಳಿಯುತ್ತಿತ್ತು, ಫೋನಿನಲ್ಲಿ ಏನೂ ಇಲ್ಲ. ಹೊರಡುವ ದಿನ ಚೀಲ ಕಟ್ಟುತ್ತ ಅಂದಳು:

"ನನಗ ಕೇಳಸೂದಿಲ್ಲ, ನಿನಗ ಮಾತಾಡಾಕ ಬರೂದಿಲ್ಲ. ನಮ್ಮಿಬ್ಬರ ನಡುವ ಫೋನ್ ತಗೊಂಡ ಏನ ಮಾಡೂದವಾ?"

ನಾನು ಅಳುತ್ತಿದ್ದೆ. ಅವಳೇ ಉಪಾಯ ಹೇಳಿದಳು. "ದಿನಾ ಪೂಜಿ ಮುಗದ ಮ್ಯಾಲ ನಾ ನಿನಗ ಹಚ್ಚತೇನಿ. ನೀ ಎತ್ತಬ್ಯಾಡ. ಎರಡ ಸಲ ಬಾರಿಸಿ ಬಂದ್ ಆತಂದ್ರ ನಿಮ್ಮಕ್ಕ ಅದಾಳ ಅಂತ ತಿಳ್ಕೊ."

ಅವಳ ಮಗ ಅವಳಿಗೆ ಗುಂಡಿ ಒತ್ತುವ ಸಣ್ಣ ಮೊಬೈಲು ಕೊಡಿಸಿದ್ದ. ಒಂದೇ ಗುಂಡಿಯನ್ನು ಒತ್ತಿ ಹಿಡಿದರೆ ಅದು ನಮ್ಮ ಮನೆಗೆ ಹತ್ತುವ ಹಾಗೆ ಮಾಡಿಕೊಟ್ಟಿದ್ದ. ಕೆಲಸ ಮುಗಿದ ಕೂಡಲೇ ಅದನ್ನು ಬಂದ್ ಮಾಡಿ, ಅರಿವೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಾಳೆ. ನಾವಾಗಿ ಅವಳಿಗೆ ಫೋನು ಹಚ್ಚಿದರೆ ಅದು ಹತ್ತುವುದೇ ಇಲ್ಲ.

ಅಂದಿನಿಂದ ದಿನವೂ ಹನ್ನೊಂದು ಗಂಟೆಯ ಹೊತ್ತಿಗೆ ಎರಡು ರಿಂಗ್. ಆ ಹೊತ್ತಿಗೆ ನಿಮ್ಮಪ್ಪ ಅಡತಿ ಅಂಗಡಿಯಲ್ಲಿ, ನಿಮ್ಮವ್ವ ನೇಸರಗಿಯ ಸಾಲೆಯಲ್ಲಿ, ನೀವು ನಿಮ್ಮ ಸಾಲೆಯಲ್ಲಿ. ಮನೆಯಲ್ಲಿ ನಾನೊಬ್ಬಳೇ. ಫೋನಿನ ಹತ್ತಿರ ಮಣೆ ಹಾಕಿಕೊಂಡು ಕೂತು ಬೆಳ್ಳುಳ್ಳಿ ಸುಲಿಯುತ್ತಲೋ ಮೆಂತ್ಯದ ಸೊಪ್ಪು ಸೋಸುತ್ತಲೋ ಇರುತ್ತಿದ್ದೆ. ಒಂದು, ಎರಡು, ಬಂದ್. ಆಮೇಲೆ ಎದ್ದು ರೊಟ್ಟಿ ಬಡಿಯಲು ಹೋಗುತ್ತಿದ್ದೆ. ರವಿವಾರ ನೀವು ಎತ್ತಲು ಓಡಿ ಬರುವಷ್ಟರಲ್ಲಿ ಅದು ನಿಂತಿರುತ್ತಿತ್ತು, ಯಾರೋ ತಪ್ಪಿ ಹಚ್ಚಿದ್ದಾರೆ ಅನ್ನುತ್ತಿದ್ದಿರಿ. ಕಿವಿ ಕೇಳದವಳು ಎರಡು ರಿಂಗನ್ನು ಹೇಗೆ ಎಣಿಸುತ್ತಾಳೆ ಅಂತ ಒಂದು ದಿನವೂ ನಾನು ವಿಚಾರ ಮಾಡಿರಲಿಲ್ಲ. ಯಾರಿಗೂ ಹೇಳಿರಲೂ ಇಲ್ಲ. ಹೇಳಿದರೆ ನಗುತ್ತೀರಿ ಅಂತ ಸಂಕೋಚ.

ಹೋದ ವರ್ಷ ಒಮ್ಮೆ ನಾಲ್ಕು ದಿನ ಆ ರಿಂಗ್ ಬರಲಿಲ್ಲ. ಕನಸು ಬಿತ್ತು ಅಂತ ಸುಳ್ಳು ಹೇಳಿ ಅಕ್ಕನ ಮಗನಿಗೆ ಫೋನು ಮಾಡಿಸಿದೆ. "ಅವ್ವ ಆರಾಮ" ಅಂದ. ಮತ್ತೆ ಮಾಡಿಸಿದೆ. ಮತ್ತೆ "ಆರಾಮ." ಕಡೆಗೆ ಹೋಗಿ ನೋಡಿದರೆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಳು. ಅವಳ ಮಗ ನನ್ನನ್ನೇ ಸಮಾಧಾನ ಮಾಡಿದ: "ಸುಳ್ಳ ಹೇಳಿಲ್ಲ ಚಿಗವ್ವಾ, ಕೈ ಒಂದ ಬಿಟ್ಟರ ಎಲ್ಲಾ ಆರಾಮನ ಐತಿ!" ನಮ್ಮ ಕಡೆ ಆರಾಮ ಅನ್ನುವ ಮಾತು ಹಾಗೇ. ಕೈ ಮುರಿದರೂ ಆರಾಮ, ಹಾಸಿಗೆ ಹಿಡಿದರೂ ಆರಾಮ. ಅಂದಿನಿಂದ ನಾನು ಆ ಮಾತನ್ನು ನಂಬುವುದು ಬಿಟ್ಟೆ, ರಿಂಗನ್ನು ಮಾತ್ರ ನಂಬಿದೆ. ಮನೆಯಲ್ಲಿ ಮಾತ್ರ ನಿಮ್ಮ ಆಯಿಗೆ ಕನಸಿನಲ್ಲಿ ಎಲ್ಲಾ ಕಾಣುತ್ತದೆ ಅನ್ನುವ ಹೆಸರು ನನಗೆ ಉಳಿಯಿತು.

ಇಷ್ಟು ಗೊತ್ತಾದರೆ ಮುಂದಿನದು ನಿಮಗೆ ತಿಳಿಯುತ್ತದೆ.

ಹಳೇ ತಂತಿ ಹದಗೆಟ್ಟು ಹೋಗಿತ್ತು. ನಿಮ್ಮ ಓದಿಗೆ ಮನೆಯಲ್ಲಿ ಇಂಟರ್ನೆಟ್ ಬೇಕಾಗಿತ್ತು. ಇಂಟರ್ನೆಟ್ಟಿನ ಹೊಸ ತಂತಿಯಲ್ಲೇ ಫೋನೂ ಬರುತ್ತದೆ, ನಂಬರು ಬದಲಾಗುವುದಿಲ್ಲ ಅಂತ ನಿಮ್ಮಪ್ಪ ಹೇಳಿದಾಗ ಬೇಡ ಅನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ. ಒಂದು ಗುರುವಾರ ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಅದನ್ನು ಜೋಡಿಸುವವನು ಬಂದ. ಗೋಡೆಗೆ ತೂತು ಹಾಕಿ ನೂಲಿನಷ್ಟು ಸಣ್ಣ ವಾಯರ್ ಎಳೆದ. ನಮ್ಮ ಹಳೇ ಫೋನನ್ನೇ ಆ ಬಿಳಿ ಡಬ್ಬಿಗೆ ಸಿಕ್ಕಿಸಿದ.

"ನಂಬರ ಅದ ಇರತೈತ್ರಿ ಅಮ್ಮಾರ, ಫೋನೂ ಇದ. ಬರೇ ವಾಯರ್ ಬ್ಯಾರೆ."

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಬಹಳ ಹೊತ್ತು ಧೈರ್ಯ ಕೂಡಿಸಿ ಕೇಳಿದೆ: "ಎರಡ ರಿಂಗ್ ಆಗತಾವೇನಪಾ?"

"ಎರಡ ಯಾಕ್ರಿ ಅಮ್ಮಾರ, ನೀವು ಎತ್ತೂಮಟಾ ಆಗತಾವ!"

ನೀವೆಲ್ಲ ನಕ್ಕಿರಿ. ನಾನು ಒಳಗೆ ಹೋದೆ. ನಿಮ್ಮಪ್ಪ ಮೊಬೈಲಿನಿಂದ ಹಚ್ಚಿ ನೋಡಿದ. ಫೋನು ಮೊದಲಿಗಿಂತ ಜೋರಾಗಿ ಬಾರಿಸಿತು. ಅಂದು ರಾತ್ರಿ ಚೆನ್ನಾಗಿ ಉಂಡೆ.

ಶುಕ್ರವಾರ ಹತ್ತೂವರೆಗೆ ಕರೆಂಟು ಹೋಯಿತು. ಡಬ್ಬಿಯ ದೀಪಗಳು ಆರಿದವು. ಹಳೇ ಫೋನಿಗೆ ಕರೆಂಟಿನ ಹಂಗು ಇರಲಿಲ್ಲ. ಊರೆಲ್ಲ ಕತ್ತಲಾದರೂ ಅದು ಬಾರಿಸುತ್ತಿತ್ತು. ಈಗ ಎತ್ತಿ ಕಿವಿಗೆ ಹಿಡಿದರೆ ಗುಂಯ್ ಅನ್ನುವ ದನಿಯೂ ಇಲ್ಲ. ಕರೆಂಟು ಬಂದಾಗ ಒಂದು ಗಂಟೆ. ಅಕ್ಕ ಆ ಹೊತ್ತಿನಲ್ಲೇ ಹಚ್ಚಿರಬೇಕು, ನಾಳೆ ಬರುತ್ತದೆ ಅಂದುಕೊಂಡೆ.

ಶನಿವಾರ ಹತ್ತು ಗಂಟೆಯಿಂದಲೇ ಮಣೆಯ ಮೇಲೆ ಕೂತೆ. ದೀಪಗಳು ಹಸಿರಾಗಿ ಉರಿಯುತ್ತಿದ್ದವು. ಫೋನಿನ ಹೊದಿಕೆ ತೆಗೆದಿಟ್ಟೆ, ಅದರಿಂದ ದನಿ ಮುಚ್ಚಿಹೋದೀತು ಅಂತ. ಹನ್ನೊಂದಾಯಿತು, ಹನ್ನೊಂದೂವರೆ ಆಯಿತು. ಹನ್ನೆರಡಕ್ಕೆ ಒಮ್ಮೆ ರಿಂಗ್ ಆಗಿ ಜೀವ ಬಂತು. ಆದರೆ ಎರಡಕ್ಕೆ ನಿಲ್ಲದೆ ಬಾರಿಸುತ್ತಲೇ ಇತ್ತು. ಎತ್ತಿದರೆ ನಿಮ್ಮಪ್ಪ. "ಅವ್ವಾ, ಹೊಸಾ ಫೋನ್ ಹೆಂಗೈತಿ ಅಂತ ನೋಡಾಕ ಮಾಡಿದೆ" ಅಂದ. ಫೋನು ಚೆನ್ನಾಗಿಯೇ ಇದೆ ಅಂತ ಆಗ ನನಗೆ ಖಾತ್ರಿಯಾಯಿತು. ಹೆದರಿಕೆ ಹತ್ತಿದ್ದೂ ಆಗಲೇ. ಫೋನು ಕೆಟ್ಟಿಲ್ಲ ಅಂದ ಮೇಲೆ ಕೆಟ್ಟದ್ದು ಇನ್ನೇನೋ ಇರಬೇಕಲ್ಲ?

ಅಂದು ಬಚ್ಚಲಿಗೆ ಹೋದಾಗೆಲ್ಲ ಅಕ್ಕನ ಮನೆಯ ಬಚ್ಚಲೇ ಕಣ್ಣಿಗೆ ಬಂತು. ಹೇಳಲೋ ಬೇಡವೋ ಅಂತ ಎರಡು ಸಲ ನಿಮ್ಮವ್ವನ ಹತ್ತಿರ ಹೋಗಿ, ಉಪ್ಪಿನ ಡಬ್ಬಿ ಕೇಳಿ ವಾಪಸು ಬಂದೆ.

ರವಿವಾರ ಎಲ್ಲರೂ ಮನೆಯಲ್ಲಿದ್ದಿರಿ. ಹನ್ನೊಂದು ದಾಟಿತು. ನಾನು ಫೋನಿನ ಮೇಲೆ ಕೈಯಿಟ್ಟುಕೊಂಡು ಕೂತದ್ದನ್ನು ನಿಮ್ಮಲ್ಲಿ ದೊಡ್ಡವಳು ನೋಡಿದಳು.

"ಆಯೀ, ಯಾರ ಫೋನ್ ಬರೂದೈತಿ?"

ನನಗೆ ಅಳು ತಡೆಯಲಾಗಲಿಲ್ಲ. ನಿಮ್ಮವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಳುತ್ತಲೇ ಅರ್ಧಂಬರ್ಧ ಹೇಳಿದೆ, ನಿಮಗೆಷ್ಟು ತಿಳಿಯಿತೋ. ನಿಮ್ಮಪ್ಪ, "ಅಂದ್ರ ಹೋದ ವರ್ಷ ಕನಸ ಬಿದ್ದಿರಲಿಲ್ಲೇನು?" ಅಂದ.

"ನಿಮಗ ಕನಸಿಂದ ಹತ್ತೈತಿ!" ಅಂತ ನಿಮ್ಮವ್ವ ಅವನ ಬಾಯಿ ಮುಚ್ಚಿಸಿದಳು. "ಮೊದಲ ಫೋನ್ ಹಚ್ಚರಿ."

ಅಕ್ಕನ ಮಗನಿಗೆ ಹಚ್ಚಿದರು. ಹಿಂದೆ ಬ್ಯಾಂಡಿನ ಸದ್ದು. ಗಂಡ ಹೆಂಡತಿ ಇಬ್ಬರೂ ಶುಕ್ರವಾರವೇ ಮುಧೋಳಕ್ಕೆ ಮದುವೆಗೆ ಹೋಗಿದ್ದರು. "ಅವ್ವನ್ನ ನೋಡ್ಕೊಳ್ಳಾಕ ಬಾಜೂ ಮನಿಯವರಿಗೆ ಹೇಳಿ ಬಂದೇವಿ. ಆರಾಮ ಅದಾಳಪಾ, ಆರಾಮ!"

ಆ ಮಾತು ಕೇಳಿ ನಾನು ಎದ್ದು ಸೀರೆ ಬದಲಿಸಲು ಹೋದೆ. ನಿಮ್ಮವ್ವ ಹಿಟ್ಟಿನ ಕೈ ತೊಳೆದು ತನ್ನ ಪರ್ಸು ತೆಗೆದುಕೊಂಡಳು.

ಬೈಲಹೊಂಗಲದಿಂದ ಸವದತ್ತಿಯ ತನಕ ಬಸ್ಸಿನಲ್ಲಿ ನಾನು ಕಿಡಕಿಯ ಹೊರಗೆ ನೋಡಲೇ ಇಲ್ಲ. ನಿಮ್ಮವ್ವ ನನ್ನನ್ನು ನಗಿಸಲು ನೋಡಿದಳು. "ಅತ್ತೀ, ಇಷ್ಟ ವರ್ಷ ನಮ್ಮನ್ನ ಸಾಲಿಗೆ ಅಂಗಡಿಗೆ ಸಾಗಹಾಕಿ ದಿನಾ ಗುಟ್ಟಾಗಿ ಫೋನ್ ನಡಸಿದ್ರಿ. ಮಂದಿ ಕೇಳಿದರ ಏನಂದಾರು?" ಬೇರೆ ದಿನವಾಗಿದ್ದರೆ ನಾಚಿ ಸೆರಗು ಬಾಯಿಗೆ ಹಿಡಿಯುತ್ತಿದ್ದೆ. ಸವದತ್ತಿ ಸ್ಟ್ಯಾಂಡಿನಲ್ಲಿ ದೇವಿಯ ಗುಡ್ಡಕ್ಕೆ ಹೋಗುವವರ ಗದ್ದಲ, ಹಣೆತುಂಬ ಅರಿಸಿನದ ಭಂಡಾರ. ಅವಳು ಚಹಾ ತಂದುಕೊಟ್ಟಳು. ಕಪ್ಪನ್ನು ಕೈಯಲ್ಲಿ ಹಿಡಿದೇ ರಾಮದುರ್ಗದ ಬಸ್ಸು ಹತ್ತಿದೆ, ಅರ್ಧ ಸೀರೆಯ ಮೇಲೆ ಚೆಲ್ಲಿತು. ಬಾಜೂ ಮನೆಯವರು ಬಾಗಿಲು ಬಡಿದಿರುತ್ತಾರೆ, ಕಿವುಡಿಗೆ ಕೇಳಿಸಿರಲಿಕ್ಕಿಲ್ಲ, ನಿದ್ದೆ ಮಾಡುತ್ತಿರಬೇಕು ಅಂತ ಹೊರಟು ಹೋಗಿರುತ್ತಾರೆ. ಇದನ್ನೇ ತಿರುತಿರುಗಿ ಅಂದುಕೊಂಡೆ.

ಅಕ್ಕನ ಊರಿನಲ್ಲಿ ಇಳಿದಾಗ ಮೂರೂವರೆ. ಓಣಿಯ ತಿರುವಿನಲ್ಲಿ ನಾನು ನಿಂತುಬಿಟ್ಟೆ. ಮನೆಯ ಮುಂದೆ ಮಂದಿ ಕೂಡಿದ್ದರೆ ಹೇಗೆ ನೋಡಲಿ? ನಿಮ್ಮವ್ವನೇ ಮುಂದೆ ಹೋಗಿ ಇಣುಕಿದಳು.

"ಅತ್ತೀ, ಬರ್ರಿ. ಕಟ್ಟಿ ಮ್ಯಾಲ ಕುಂತಾರ."

ಅಕ್ಕ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಶೇಂಗಾ ಒಡೆಯುತ್ತಿದ್ದಳು. ನಮ್ಮನ್ನು ಕಂಡದ್ದೇ ಮೊರ ಕೈಜಾರಿ ಬಿತ್ತು. ಹೇಳದೆ ಕೇಳದೆ ಬಂದವರು ಅಂದರೆ ಯಾರದೋ ಸುದ್ದಿ ತಂದವರು ಅಂತಲೇ ಲೆಕ್ಕ.

"ಯಾರಿಗೇನಾತವಾ? ಹುಡುಗೂರು ಅದಾವಿಲ್ಲ?"

"ನಿನ್ನ ಫೋನ್ ಬರಲಿಲ್ಲಾ!" ನಾನು ಕೂಗಿದೆ. ಅವಳಿಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಕೂಗಿದೆ. "ಯಕ್ಕಾ! ನಿನ್ನ ಫೋನ್ ಬರಲಿಲ್ಲಾ! ಮೂರ ದಿನಾ ಆತು!" ಓಣಿಯ ಮೂರು ಬಾಗಿಲು ತೆರೆದವು. ಹುಟ್ಟಿದಾಗಿನಿಂದ ನಾನು ಬೀದಿಯಲ್ಲಿ ಅಷ್ಟು ದೊಡ್ಡ ದನಿ ತೆಗೆದದ್ದಿಲ್ಲ.

ಅಕ್ಕನಿಗೆ ತಿಳಿಯಿತು. ಹೆದರಿಕೆ ಹೋಗಿ ಸಿಟ್ಟು ಬಂತು. "ಬರಲಿಲ್ಲ ಅಂದ್ರ? ದಿನಾ ಹಚ್ಚೇನಿ! ಇವತ್ತೂ ಹಚ್ಚೇನಿ! ಅಲ್ಲಲೇ, ನಾ ಸತ್ತೇನಿ ಅಂತ ಅಳಾಕ ಬಂದೀ ಏನ? ಬಂದೀ ಅಂದ್ರ ಬರಿಗೈಲೇ ಬಂದೀಯಲ್ಲ!"

ಓಣಿ ಎಲ್ಲ ನಕ್ಕಿತು. ನಾನು ಕಟ್ಟೆಯ ಮೇಲೆ ಕುಸಿದು ಅವಳ ಶೇಂಗಾದ ದೂಳಿನ ಕೈ ಹಿಡಿದುಕೊಂಡೆ. ಬಿಡಲೇ ಇಲ್ಲ.

ನೀರು ಕುಡಿದ ಮೇಲೆ ನಿಮ್ಮವ್ವ ಪರೀಕ್ಷೆ ಮಾಡೋಣ ಅಂದಳು. ತನ್ನ ಮೊಬೈಲಿನಿಂದ ನಿಮ್ಮಪ್ಪನ ಮೊಬೈಲಿಗೆ ಹಚ್ಚಿ, ದೊಡ್ಡವಳನ್ನು ಪಡಸಾಲೆಯ ಫೋನಿನ ಮುಂದೆ ಕೂರಿಸಿದಳು. ಅಕ್ಕ ಪೆಟ್ಟಿಗೆಯಿಂದ ಮೊಬೈಲು ತೆಗೆದು, ಅರಿವೆ ಬಿಚ್ಚಿ, ಚಾಲೂ ಮಾಡಿ, ಗುಂಡಿ ಒತ್ತಿ, ಬಾಯಿಯ ಹತ್ತಿರ ಹಿಡಿದುಕೊಂಡಳು. ಆಮೇಲೆ ಪೂಜೆಯಲ್ಲಿ ಹೇಳುವ ಹಾಗೆ, ತಡಮಾಡಿ, ಒಂದೊಂದೇ ಮಾತಾಗಿ ಹೇಳಿದಳು:

"ತಂಗೀ. ನಾ ಎದ್ದೇನಿ. ಜಳಕಾ ಮಾಡೇನಿ. ಪೂಜಿ ಮಾಡೇನಿ. ಉಂಡೇನಿ. ನೀನೂ ಉಣ್ಣವಾ."

ಕೆಂಪು ಗುಂಡಿ ಒತ್ತಿದಳು. "ಆತು ನೋಡ್ರಿ" ಅಂದಳು.

"ಇಲ್ಲೇನೂ ಬಾರಿಸಲಿಲ್ಲ!" ನಿಮ್ಮವ್ವನ ಮೊಬೈಲಿನಿಂದ ದೊಡ್ಡವಳ ದನಿ ಬಂತು.

ಇನ್ನೊಮ್ಮೆ ಮಾಡಿಸಿದರು. ಈ ಸಲ ನಿಮ್ಮವ್ವ ಅಕ್ಕನ ಮೊಬೈಲಿಗೆ ಕಿವಿಯಿಟ್ಟಳು. ಬಹಳ ಹೊತ್ತು ಸದ್ದೇ ಇಲ್ಲವಂತೆ. ಅಕ್ಕ "ನೀನೂ ಉಣ್ಣವಾ" ಅನ್ನುವ ಹೊತ್ತಿಗೆ ಟ್ರಿಂ ಅನ್ನಬೇಕು, ಅಷ್ಟರಲ್ಲಿ ಕೆಂಪು ಗುಂಡಿ. ಹೊಸ ಫೋನು ಹತ್ತುವುದಕ್ಕೆ ಹಳೆಯದಕ್ಕಿಂತ ಒಂದಿಷ್ಟು ಹೆಚ್ಚು ಹೊತ್ತು ಹಿಡಿಯುತ್ತಿತ್ತು. ನಿಮ್ಮಪ್ಪ ಎಷ್ಟು ಹೊತ್ತಾದರೂ ಕಾಯುವವನು, ಅವನಿಗೆ ಇದು ಗೊತ್ತಾಗಲಿಲ್ಲ.

ಅವರೆಲ್ಲ ತಪ್ಪು ಸಿಕ್ಕಿತು ಅಂತ ಖುಷಿಯಲ್ಲಿದ್ದರು. ನಾನು ಅಕ್ಕನ ಬಾಯಿಯನ್ನೇ ನೋಡುತ್ತ ಕೂತಿದ್ದೆ. ಅವಳು ರಿಂಗನ್ನು ಎಣಿಸುತ್ತಲೇ ಇರಲಿಲ್ಲ. ಕೇಳಿಸದೆ ಎಣಿಸುವುದಾದರೂ ಹೇಗೆ? ಆ ಮಾತು ಹೇಳಿ ಮುಗಿಸುವಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಎರಡು ರಿಂಗ್ ಆಗುತ್ತದೆ ಅಂತ ಮೊದಲ ದಿನವೇ ಮಗನ ಹತ್ತಿರ ನೋಡಿಸಿಕೊಂಡಿದ್ದಳಂತೆ. ಇಷ್ಟು ವರ್ಷ ದಿನವೂ ಅವಳು ನನಗೆ ಉಣ್ಣು ಅಂತ ಹೇಳಿದ್ದಾಳೆ. ನಾನು ಟ್ರಿಂ ಟ್ರಿಂ ಅನ್ನುವುದನ್ನು ಮಾತ್ರ ಕೇಳಿ ರೊಟ್ಟಿ ಬಡಿಯಲು ಎದ್ದು ಹೋಗಿದ್ದೇನೆ.

"ಇನ್ನ ಮ್ಯಾಲ ಜರಾ ಉದ್ದ ಹೇಳ್ರಿ ದೊಡ್ಡತ್ತೀ!" ನಿಮ್ಮವ್ವ ಅಕ್ಕನ ಕಿವಿಯಲ್ಲಿ ಕೂಗಿದಳು.

"ಉದ್ದ ಏನ ಹೇಳ್ಲೆ ಈಕಿಗೆ? ಹೇಳಿದ್ದಕ್ಕೊಂದ ಉತ್ತರಾ ಕೊಟ್ಟಾಕಿನ ಅಲ್ಲ" ಅಂತ ಅಕ್ಕ ನನ್ನ ಕಡೆ ಗದ್ದ ಚಾಚಿದಳು. ಆಮೇಲೆ ತಾನೇ ಅಂದಳು, "ಇರ್ಲಿ. ಏನರ ಸಿಗತೈತಿ."

ಸಂಜೆಯ ಬಸ್ಸಿಗೆ ನಮ್ಮ ಚೀಲದಲ್ಲಿ ಒಡೆದ ಶೇಂಗಾ ತುಂಬಿ ಕಳಿಸಿದಳು.

ಸೋಮವಾರ ಹತ್ತೂವರೆಗೇ ಮಣೆ ಹಾಕಿದೆ. ಕರೆಂಟು ಇತ್ತು, ದೀಪ ಇತ್ತು. ಆದರೂ ಫೋನು ಎತ್ತಿ, ಗುಂಯ್ ಅನ್ನುತ್ತದೆ ಅಂತ ಖಾತ್ರಿ ಮಾಡಿಕೊಂಡು ಇಟ್ಟೆ. ಹನ್ನೊಂದು ದಾಟಿ ಹತ್ತು ನಿಮಿಷಕ್ಕೆ ಬಾರಿಸಿತು. ಒಂದು. ಎರಡು. ಮೂರನೆಯದು ಅರ್ಧಕ್ಕೆ ನಿಂತಿತು. ಆ ಅರ್ಧದಲ್ಲಿ ಏನು ಹೇಳಿದಳೋ.

ಈಗಲೂ ಕರೆಂಟು ಹೋದರೆ ಮೊದಲು ಆ ಡಬ್ಬಿಯ ದೀಪ ನೋಡಲು ಹೋಗುತ್ತೇನೆ. ನಿಮ್ಮಪ್ಪ ಡಬ್ಬಿಗೆ ಬ್ಯಾಟರಿ ತಂದು ಹಾಕಿದ್ದಾನೆ. ಅದು ಎಷ್ಟು ಹೊತ್ತು ತಡೆಯುತ್ತದೋ ಅನ್ನುವುದು ಈಗಿನ ಚಿಂತೆ. ನಿಮ್ಮ ಮೊಬೈಲು ಚಾರ್ಜ್ ಮಾಡಲು ಆ ಡಬ್ಬಿಯ ಪಿನ್ನು ಕೀಳಬೇಡಿ ಅಂತ ನಾನು ಯಾಕೆ ಬೈಯುತ್ತೇನೆ ಅಂತ ಈಗ ತಿಳಿಯಿತಲ್ಲ?

ಮುಂದಿನ ರವಿವಾರ ಅದು ಬಾರಿಸಿದಾಗ ನಿಮ್ಮಲ್ಲಿ ಸಣ್ಣವನು ಓಡಿ ಬಂದು ಕೈ ಚಾಚಿದ. ಮೂರು ಆಯಿತು, ನಾಲ್ಕು ಆಯಿತು.

"ಎತ್ತಲೇನ ಆಯೀ?"

"ಬ್ಯಾಡಪಾ," ಅಂದೆ. "ಆಕಿ ಇನ್ನೂ ಮಾತಾಡಾಕತ್ಯಾಳ."